ಅ ಕೂಡಿಸು ಸ

೬ ಆಗಸ್ಟ್ ೧೯೭೮, ರವಿವಾರ. ಇಳಕಲ್ಲು

ಬೆಳಿಗ್ಗೆ ಅಮಾತೆಪ್ಪ ಬಂದು ಅಕ್ಕನನ್ನು ಪಂಚಮಿ ಹಬ್ಬಕ್ಕೆ ಕರೆದುಕೊಂಡು ಹೋದ. ಇವನು ನನ್ನ ಹೆಂಡತಿ ಸಂಗವ್ವನ ಒಬ್ಬನೇ ತಮ್ಮ. ಹದಿನಾರು ವರ್ಷ, ಮೀಸೆ ಈಗಷ್ಟೇ ಚಿಗುರುತ್ತಿದೆ. ವರ್ಷ ವರ್ಷವೂ ಶ್ರಾವಣ ಬಂತೆಂದರೆ ಬಾದಾಮಿಯಿಂದ ಬರುತ್ತಾನೆ, ಚಹಾ ಕುಡಿಯುತ್ತಾನೆ, ಅಕ್ಕನ ಟ್ರಂಕು ಹೊತ್ತು ಬಸ್ ಸ್ಟ್ಯಾಂಡಿಗೆ ನಡೆಯುತ್ತಾನೆ. ಹಿಂದಿನ ವರ್ಷಗಳಲ್ಲಿ ಸಂಗವ್ವ ಹೊರಟವಳು ಮತ್ತೆ ಮತ್ತೆ ಒಳಗೆ ಬಂದು, ಉಪ್ಪಿನಕಾಯಿ ಎಲ್ಲಿದೆ, ಹಾಲಿನವನಿಗೆ ಏನು ಹೇಳಬೇಕು ಎಂದು ನನ್ನ ತಲೆ ತಿನ್ನುತ್ತಿದ್ದಳು. ಈ ಸಲ ಒಂದು ಮಾತೂ ಇಲ್ಲ. ಹೊಸ್ತಿಲು ದಾಟಿದಳು, ಹೋದಳು.

ಕಾರಣ ಗೊತ್ತಿದೆ. ಕಳೆದ ರವಿವಾರ ನಮ್ಮ ಹೈಸ್ಕೂಲಿನ ಹೆಡ್ ಮಾಸ್ತರರು ಹೆಂಡತಿಯೊಂದಿಗೆ ಊಟಕ್ಕೆ ಬಂದಿದ್ದರು. ಹೋಳಿಗೆ ಬಡಿಸುತ್ತ ಸಂಗವ್ವ ಬಳೆಗಾರನ ಸುದ್ದಿ ಹೇಳುತ್ತಿದ್ದಳು. ಮಾತಿನ ಭರದಲ್ಲಿ “ಮೂರು ಡಜನ್ ಅಂದ್ರ ಮೂವತ್ತು ಬಳಿ” ಅಂದುಬಿಟ್ಟಳು. ನಾನು ಸುಮ್ಮನಿರಲಾರದೆ, “ನಮ್ಮಾಕಿ ಮುಲ್ಕಿ ಪರೀಕ್ಷಾದಾಗ ಗಣಿತಕ್ಕ ಎಷ್ಟು ಮಾರ್ಕ್ಸ್ ತಗೊಂಡಾಳ ಕೇಳ್ರಿ ಸರ. ಸೊನ್ನಿ! ಗಣಿತದ ಮಾಸ್ತರನ ಹೆಂಡತಿ, ದೊಡ್ಡ ಸೊನ್ನಿ!” ಎಂದೆ. ಎಲ್ಲರೂ ನಕ್ಕರು. ಸಂಗವ್ವ ತುಪ್ಪದ ಗಿಂಡಿ ಹಿಡಿದು ಒಂದು ಗಳಿಗೆ ನಿಂತಳು, ಆಮೇಲೆ ಎಲ್ಲರಿಗೂ ಬಡಿಸಿದಳು. ಅಂದಿನಿಂದ ಮಾತು ಬಂದ್.

ಏಳನೆಯ ಇಯತ್ತೆಯ ಆ ಮುಲ್ಕಿ ಪರೀಕ್ಷೆಯಲ್ಲಿ ಸೊನ್ನೆ ಬಂದದ್ದು ಸುಳ್ಳೇನು? ಮದುವೆಯಾದ ಹೊಸತರಲ್ಲಿ ಅವಳೇ ಹೇಳಿದ್ದು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ.

ಹಬ್ಬಕ್ಕೆ ತವರಿಗೆ ಹೋದ ಹೆಣ್ಣುಮಗಳನ್ನು ಗಂಡನ ಮನೆಯವರೇ ಹೋಗಿ ಕರೆದು ತರಬೇಕು, ಕರೆಯದೆ ತಾನಾಗಿ ಬಂದರೆ ಅವಳಿಗೂ ತವರಿಗೂ ಹಗುರ ಎಂಬುದು ನಮ್ಮ ಕಡೆಯ ರೂಢಿ. ನನಗೆ ತಂದೆ ತಾಯಿ ಇಲ್ಲ. ಹಾಗಾಗಿ ಆರು ವರ್ಷವೂ ಪಂಚಮಿ ಮುಗಿಯುತ್ತಲೇ ನಾನೇ ಹೋಗಿ ಕರೆತಂದಿದ್ದೇನೆ. ಈ ಸಲ ಹೋಗುವುದಿಲ್ಲ. ಮಾತಿಲ್ಲದೆ ಹೋದವಳು ಮಾತಿಲ್ಲದೆ ಬರಲಿ.

ನಮಗೆ ಇನ್ನೂ ಮಕ್ಕಳಿಲ್ಲ. ಮನೆಯಲ್ಲಿ ಇಬ್ಬರೇ ಆದ್ದರಿಂದ ನಮ್ಮ ಸಂಸಾರ ಎರಡೇ ಪದಗಳ ಬೀಜೋಕ್ತಿ: ಅ + ಸ. ಅ ಎಂದರೆ ಅಂದಾನಪ್ಪ, ಸ ಎಂದರೆ ಸಂಗವ್ವ. ಅಕ್ಷರದ ಜಾಗದಲ್ಲಿ ಬೆಲೆ ಇಟ್ಟು ಕೂಡಿಸಿದರೆ ಮನೆಯ ಸ್ಥಿತಿ ತಿಳಿಯುತ್ತದೆ. ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಓದುವಾಗಿನಿಂದ ನನಗೆ ಇಂಥ ಹುಚ್ಚು ಇದೆ.

ಅ = ೧೦. ತಪ್ಪು ನನ್ನದಲ್ಲವಾದ್ದರಿಂದ ಹತ್ತಕ್ಕೆ ಹತ್ತು.
ಸ = −೩. ವಿನಾಕಾರಣ ಸಿಟ್ಟಿಗೆದ್ದದ್ದಕ್ಕೆ.
೧೦ + (−೩) = ೭.

ಮನೆ ಪ್ಲಸ್ಸಿನಲ್ಲೇ ಇದೆ. ಚಿಂತೆಯಿಲ್ಲ.

೯ ಆಗಸ್ಟ್, ಬುಧವಾರ

ಪಂಚಮಿ ಮುಗಿಯಿತು. ಪಕ್ಕದ ಮನೆಯ ಚಂದವ್ವ ಎಳ್ಳುಂಡಿ, ಶೇಂಗಾದುಂಡಿ ತಂದುಕೊಟ್ಟಳು. ನೇಕಾರರ ಮನೆಯ ಹಿರಿಯಳು, ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸುವುದರಲ್ಲೇ ಅವಳ ಆಯುಷ್ಯ ಕಳೆದಿದೆ. ಯಾವುದನ್ನೂ ಬಿಟ್ಟು ಕೂಡಲು ಅವಳ ಮನಸ್ಸು ಒಪ್ಪುವುದಿಲ್ಲ.

“ಮಾಸ್ತರ, ಯಾವಾಗ ಹೊಂಟೀರಿ ಬಾದಾಮಿಗೆ?”

“ಈ ಸಲ ನಾ ಹೋಗೂದಿಲ್ಲ ಚಂದವ್ವ. ಆಕೀನ ಬರ್ತಾಳ.”

“ಕರೀಲಾರದ ಹ್ಯಾಂಗ ಬರ್ತಾಳ್ರಿ? ಹಂಗ ಬಂದ್ರ ಆಕೀ ತವರಿನ ಮಂದಿ ಮಾರಿ ಎಲ್ಲಿಟ್ಕೋಬೇಕು?”

“ಬರ್ತಾಳ, ನೋಡ್ರಿ ಬೇಕಾದ್ರ.”

ಅವಳು ಉಂಡಿಯ ಡಬ್ಬಿ ಇಟ್ಟು ಹೋದಳು. ಉಂಡಿ ಚೆನ್ನಾಗಿವೆ. ಸಂಗವ್ವನವು ಇನ್ನೂ ಸ್ವಲ್ಪ ಗಟ್ಟಿ ಇರುತ್ತಿದ್ದವು. ಅವಕ್ಕೆ ನಾನು ಪ್ರತಿ ವರ್ಷ ಹತ್ತಕ್ಕೆ ಆರು ಕೊಡುತ್ತಿದ್ದೆ.

೧೨ ಆಗಸ್ಟ್, ಶನಿವಾರ

ಇಂದು ನನಗೆ ಬಹಳ ಸಂತೋಷ. ಜುಲೈಯಲ್ಲಿ ಎಂಟನೆಯ ಇಯತ್ತೆಗೆ ಗುಣಾಕಾರ ಕಲಿಸುವಾಗ ಒಂದು ಹಾಡು ಕಟ್ಟಿಕೊಟ್ಟಿದ್ದೆ: “ಮೈನಸ್ ಮೈನಸ್ ಪ್ಲಸ್ಸು, ತಿಳಿದವನೇ ಪಾಸು.” ಜೋಕಾಲಿಯ ಲಯಕ್ಕೆ ಸರಿಯಾಗಿ ಕೂಡುತ್ತದೆ. ಇವತ್ತು ಸಾಲೆಯಿಂದ ಬರುವಾಗ ನೇಕಾರರ ಓಣಿಯ ಬೇವಿನ ಮರದಲ್ಲಿ ಹುಡುಗಿಯರು ಹಬ್ಬದ ಜೋಕಾಲಿ ಇನ್ನೂ ಬಿಚ್ಚದೆ ಜೀಕುತ್ತ ಅದನ್ನೇ ಹಾಡುತ್ತಿದ್ದರು. ಒಳಗಿನ ಮಗ್ಗಗಳೂ ತಾಳ ಹಾಕುತ್ತಿದ್ದವು. ಗಣಿತವನ್ನು ಜೋಕಾಲಿಗೆ ಏರಿಸಿದ ಮಾಸ್ತರ ಈ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಸೋಮವಾರದಿಂದ ಹೊಸ ಪಾಠ: ಬೀಜೋಕ್ತಿಯಲ್ಲಿ ಬೆಲೆ ಇಟ್ಟು ಕೂಡಿಸುವುದು. ಹಾಡು ಬಂದ ಮೇಲೆ ಇದೇನು ಮಹಾ.

ಬಾದಾಮಿಯಿಂದ ಸುದ್ದಿ ಇಲ್ಲ. ಅವಳೂ ಬಿಗಿ ಹಿಡಿದಿದ್ದಾಳೆ, ನಾನೂ ಬಿಗಿ ಹಿಡಿದಿದ್ದೇನೆ. ಒಳ್ಳೆಯದೇ ಆಯಿತು. ಅವಳದೊಂದು ಮೈನಸ್, ನನ್ನದೊಂದು ಮೈನಸ್, ಎರಡೂ ಸೇರಿದ ಮೇಲೆ ತಾನಾಗಿಯೇ ಪ್ಲಸ್ ಆಗಬೇಕು. ಸ್ವಲ್ಪ ತಾಳ್ಮೆ ಬೇಕು, ಅಷ್ಟೇ.

ಅ = ೮. ಎರಡು ಕಳೆದದ್ದು ಅನ್ನ ಹೊತ್ತಿಸಿದ್ದಕ್ಕೆ, ಬೇರೆ ಯಾವುದಕ್ಕೂ ಅಲ್ಲ. ಸ = −೩. ಮೊತ್ತ ೫.

೧೫ ಆಗಸ್ಟ್, ಮಂಗಳವಾರ

ಧ್ವಜವಂದನೆ. ಮೈದಾನದಲ್ಲಿ ಸುಣ್ಣದ ಗೆರೆ ಹಾಕಿಸುವ ಕೆಲಸ ನನ್ನದಾಗಿತ್ತು. ಗೆರೆ ಎಂದರೆ ಗೆರೆ, ಒಂದೂ ಸೊಟ್ಟ ಇಲ್ಲ. ಹೆಡ್ ಮಾಸ್ತರರು ಹೊಗಳಿದರು.

ಅವರ ಹೆಂಡತಿಯೂ ಬಂದಿದ್ದರು. ಪೇಢೆ ಹಂಚುವಾಗ ನನ್ನ ಹತ್ತಿರ ಬಂದು, “ಸಂಗವ್ವ ಇನ್ನೂ ಬಂದಿಲ್ಲೇನ್ರಿ? ಆವತ್ತ ನಾವು ನಗಬಾರದಿತ್ತು ನೋಡ್ರಿ. ಆಕೀ ಮಾರಿ ನನ್ನ ಕಣ್ಣ ಮುಂದ ಐತಿ” ಅಂದರು.

“ಹೇ, ಅದೇನಿಲ್ರಿ ಬಾಯಾರ. ಹಬ್ಬಕ್ಕ ಹೋಗ್ಯಾಳ, ಬರ್ತಾಳ” ಎಂದೆ.

ಇವರು ಯಾಕೆ ಅದನ್ನೇ ಹಿಡಿದು ಕೂತಿದ್ದಾರೆ ತಿಳಿಯದು. ಪೇಢೆ ತಿನ್ನಲಿಲ್ಲ, ಕಿಸೆಯಲ್ಲಿಟ್ಟುಕೊಂಡು ಬಂದೆ. ಮನೆಗೆ ಬಂದು ನೋಡಿದರೆ ಎರಡು ಪೇಢೆ ಇಟ್ಟುಕೊಂಡಿದ್ದೆ. ರೂಢಿ.

೧೮ ಆಗಸ್ಟ್, ಶುಕ್ರವಾರ

ಕಿರುಪರೀಕ್ಷೆ. ಮೊದಲ ಪ್ರಶ್ನೆ ಕೂಸಿಗೂ ಬರುವಂಥದು. ಕ = −೪, ಖ = −೭ ಆದರೆ ಕ + ಖ ಎಷ್ಟು?

ಇಡೀ ವರ್ಗ ಹನ್ನೊಂದು ಎಂದು ಬರೆದಿದೆ. ಪ್ಲಸ್ ಹನ್ನೊಂದು! ಕುರುಬರ ಹುಲ್ಲಪ್ಪ ಹನ್ನೊಂದು, ಗೌಡರ ಹುಡುಗ ಹನ್ನೊಂದು, ಬೆಂಚಿಗೆ ಬೆಂಚೇ ಹನ್ನೊಂದು. ಅಕ್ಷರದ ಜಾಗದಲ್ಲಿ ಬೆಲೆ ಇಡುವಾಗ ಕಂಸ ಹಾಕಿರಿ, ಚಿಹ್ನೆ ಸಮೇತ ಇಡಿರಿ ಎಂದು ಗಂಟಲು ಹರಿದುಕೊಂಡದ್ದು ವ್ಯರ್ಥ. ಕಂಸವನ್ನೇನೋ ಹಾಕಿದ್ದಾರೆ, (−೪) + (−೭) ಎಂದು ಚಂದವಾಗಿ ಬರೆದೂ ಇದ್ದಾರೆ. ಅದರ ಮುಂದೆ ಹನ್ನೊಂದು.

ಮುಂದಿನ ಸಾಲಿನ ಜೋಹರಾ ಮೊದಲು −೧೧ ಬರೆದು, ಆಮೇಲೆ ಮೈನಸ್ಸನ್ನು ರಬ್ಬರಿನಿಂದ ಕಾಗದ ಹರಿಯುವಷ್ಟು ಉಜ್ಜಿದ್ದಾಳೆ. ಅವಳನ್ನು ಎಬ್ಬಿಸಿ ಕೇಳಿದೆ.

“ಸರಿ ಬರದಿದ್ದಿಯಲ್ಲ, ಯಾಕ ಅಳಸಿದಿ?”

“ಎರಡು ಮೈನಸ್ ಅದಾವಲ್ರಿ ಸರ. ಹಾಡಿನಾಗ ಪ್ಲಸ್ ಐತ್ರಿ.”

“ಮತ್ತ ಮೊದಲ ಯಾಕ ಮೈನಸ್ ಬರದಿ?”

“ನನಗ ಹಂಗ ಅನಿಸಿತ್ರಿ. ಆದ್ರ ಹಾಡು ನಿಮ್ದಲ್ರಿ.”

“ಹಾಡು ಗುಣಾಕಾರಕ್ಕ. ಬೇರೀಜಿಗಲ್ಲ, ಕೂಡಸೂದಕ್ಕಲ್ಲ!”

ಹಿಂದಿನಿಂದ ಹುಲ್ಲಪ್ಪ, “ಹಾಡಿನಾಗ ಗುಣಾಕಾರ ಅಂತ ಎಲ್ಲೂ ಇಲ್ರಿ ಸರ” ಅಂದ. ಅವನನ್ನು ಹೊರಗೆ ನಿಲ್ಲಿಸಿದೆ. ಉಳಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಗಂಟೆ ಹೊಡೆಯುವವರೆಗೆ ವರ್ಗದಲ್ಲಿ ನೆಲದ ಮೇಲೆ ಕಾಲಿಟ್ಟವನು ನಾನೊಬ್ಬನೇ.

೧೯ ಆಗಸ್ಟ್, ಶನಿವಾರ

ಹಾಲು ಉಕ್ಕಿ ಒಲೆ ಆರಿತು. ಹಾಡು ಒಳ್ಳೆಯದೇ ಇದೆ. ಹುಡುಗರೇ ದಡ್ಡರು.

೨೨ ಆಗಸ್ಟ್, ಮಂಗಳವಾರ

ಮೈದಾನದಲ್ಲಿ ಹದಿನೈದರ ಸುಣ್ಣ ಇನ್ನೂ ಉಳಿದಿತ್ತು. ಅದೇ ಗೆರೆಗಳಿಗೆ ಅಡ್ಡಗೆರೆ ಹಾಕಿಸಿ ಒಂದು ಉದ್ದನೆಯ ಸಂಖ್ಯಾರೇಖೆ ಮಾಡಿದೆ. ನಡುವೆ ಸೊನ್ನೆ. ಗೇಟಿನ ಕಡೆಗೆ ಪ್ಲಸ್, ಧ್ವಜಕಟ್ಟೆಯ ಕಡೆಗೆ ಮೈನಸ್. ಎಂಟನೆಯ ಇಯತ್ತೆಯನ್ನು ಸುತ್ತ ನಿಲ್ಲಿಸಿದೆ.

“ನೋಡ್ರಿ, ನಾ ಸೊನ್ನಿ ಮ್ಯಾಲ ನಿಂತೇನಿ. ಮಾರಿ ಪ್ಲಸ್ ಕಡೆ. ಕ ಅಂದ್ರ ಮೈನಸ್ ನಾಲ್ಕು. ಹಿಂದ ನಾಲ್ಕು ಹೆಜ್ಜಿ.” ಹಿಂದೆ ಹಿಂದೆ ನಡೆದೆ. “ಈಗ ಅದಕ್ಕ ಖ ಕೂಡಸ್ತೇನಿ. ಮೈನಸ್ ಏಳು. ಮತ್ತ ಹಿಂದ…”

ಪಾಠ ಹೇಳುವಾಗ ಮಕ್ಕಳ ಕಣ್ಣಿನಿಂದ ಕಣ್ಣು ಕೀಳಬಾರದು ಎಂಬುದು ನನ್ನ ನಿಯಮ. ಹಾಗಾಗಿ ಹಿಂದೆ ನೋಡಲಿಲ್ಲ. ಹನ್ನೊಂದನೆಯ ಗೆರೆ ಧ್ವಜಕಟ್ಟೆಗೆ ಅಂಟಿಕೊಂಡೇ ಇತ್ತು. ಮೊಣಕಾಲಿನ ಹಿಂಭಾಗಕ್ಕೆ ಸುಣ್ಣ ಬಳಿದ ಕಟ್ಟೆ ತಾಗಿ ದೊಪ್ಪನೆ ಅದರ ಮೇಲೆ ಕೂತುಬಿಟ್ಟೆ. ಧೋತರ, ಅಂಗಿ ಎಲ್ಲಾ ಸುಣ್ಣ.

ಜೋಹರಾ ತನಗೇ ಹೇಳಿಕೊಳ್ಳುವಂತೆ, “ಸರ ಮೈನಸ್ ಹನ್ನೊಂದರ ಮ್ಯಾಲ ಕುಂತ್ರು” ಅಂದಳು.

ನನಗೆ ನಗು ಬಂತು. ಎಲ್ಲಿಂದ ಬಂತೋ, ತಡೆಯಲಾಗಲಿಲ್ಲ. ನಾನು ನಕ್ಕದ್ದು ನೋಡಿ ವರ್ಗಕ್ಕೆ ವರ್ಗವೇ ನಕ್ಕಿತು. ಹುಲ್ಲಪ್ಪ ಧೈರ್ಯ ಮಾಡಿ ಕೇಳಿದ:

“ಸರ, ಎರಡು ಸಲ ಮೈನಸ್ ಆದ್ರಿ. ಪ್ಲಸ್ ಕಡೆ ಯಾಕ ಬರಲಿಲ್ರಿ?”

“ತಿರುಗಿದ್ರ ಬರ್ತಿದ್ದೆ. ನಾ ತಿರುಗಲೇ ಇಲ್ಲಲ್ಲೋ! ಹಿಂದ ಹೋದಾಂವ ಮತ್ತ ಹಿಂದ ಹೋದ್ರ ಇನ್ನೂ ದೂರ ಹೋಗ್ತಾನ, ಅಷ್ಟ. ಗುಣಾಕಾರದಾಗ ಮೈನಸ್ ಅಂದ್ರ ತಿರುಗು ಅಂತ ಹುಕುಂ. ಬೇರೀಜಿನಾಗ ತಿರುಗ್ಸಾವ್ರು ಯಾರೂ ಇಲ್ಲ.”

ಆಮೇಲೆ ಎಲ್ಲರೂ ಒಬ್ಬೊಬ್ಬರಾಗಿ ನಡೆದರು. −೨ ಮತ್ತು −೫, −೬ ಮತ್ತು −೧. ಒಬ್ಬರೂ ತಪ್ಪಲಿಲ್ಲ. ಹಾಡಿಗೂ ‘ಗುಣಿಸಿದಾಗ’ ಎಂದು ಮುಂದೆ ಸೇರಿಸಿದೆ. ತಾಳ ಕೆಟ್ಟಿತು, ಲೆಕ್ಕ ಸರಿಯಾಯಿತು. ಹುಲ್ಲಪ್ಪನನ್ನು ಹೊರಗೆ ನಿಲ್ಲಿಸಿದ್ದು ಸರಿಯಾಗಿರಲಿಲ್ಲ ಎಂದು ಅವನಿಗೇ ಹೇಳಿದೆ. ಅವನು ಹೆದರಿ, “ಇರ್ಲಿ ಬಿಡ್ರಿ ಸರ” ಅಂದ.

ಧೋತರದ ಸುಣ್ಣ ಎಷ್ಟು ಒಗೆದರೂ ಹೋಗುತ್ತಿಲ್ಲ. ಸಂಗವ್ವನಿಗೆ ಇದರ ಉಪಾಯ ಗೊತ್ತಿರುತ್ತದೆ.

೨೪ ಆಗಸ್ಟ್, ಗುರುವಾರ

ಸಂಜೆ ಸುಮ್ಮನೆ ಹಿಂದಿನ ಪುಟ ತಿರುವಿದೆ. ಹನ್ನೆರಡನೆಯ ತಾರೀಖಿನಂದು ನಾನೇ ಬರೆದಿದ್ದೇನೆ: ಅವಳದೊಂದು ಮೈನಸ್, ನನ್ನದೊಂದು ಮೈನಸ್, ಸೇರಿದ ಮೇಲೆ ತಾನಾಗಿಯೇ ಪ್ಲಸ್. ಇಡೀ ವರ್ಗವನ್ನು ಬೆಂಚಿನ ಮೇಲೆ ನಿಲ್ಲಿಸಿದ ತಪ್ಪೇ ಇದು. ಕೆಂಪು ಪೆನ್ನು ತೆಗೆದು ಕೆಳಗೆ ಗೆರೆ ಎಳೆದೆ.

ಲೆಕ್ಕವನ್ನು ಮತ್ತೆ ಮಾಡಿದ್ದೇನೆ. ಕರೆಯಲು ಹೋಗದ್ದಕ್ಕೆ ನನಗೆ −೨. ಮಂದಿಯ ಮುಂದೆ ನಕ್ಕದ್ದಕ್ಕೆ ಎಷ್ಟು ಹಾಕಬೇಕು ತಿಳಿಯಲಿಲ್ಲ, −೩ ಇರಲಿ. ಒಟ್ಟು ಅ = −೫. ಸ = −೩, ಮೊದಲಿನಂತೆ.
(−೫) + (−೩) = −೮.

ಇದನ್ನು ಪಶ್ಚಾತ್ತಾಪ ಎಂದು ಯಾರೂ ತಿಳಿಯಬಾರದು. ಬರೀ ಲೆಕ್ಕ.

ರವಿವಾರ ಬಾದಾಮಿಗೆ ಹೋಗಿಬರುತ್ತೇನೆ. ಕರೆಯಲಿಕ್ಕೆಂದೇ ಅಲ್ಲ. ಈ ವರ್ಷ ಅಲ್ಲಿಯ ಅಗಸ್ತ್ಯ ತೀರ್ಥದ ಕೆರೆಗೆ ನೀರು ಎಷ್ಟು ಬಂದಿದೆ ನೋಡಬೇಕು.

೨೭ ಆಗಸ್ಟ್, ರವಿವಾರ. ಬಾದಾಮಿಯಿಂದ ಬಂದ ಮೇಲೆ

ನಸುಕಿನ ಬಸ್ಸಿಗೆ ಹೊರಟೆ. ಹುನಗುಂದದಲ್ಲಿ ಬಸ್ ಬದಲಿಸಿದೆ, ಅಮೀನಗಡದಲ್ಲಿ ಇಳಿದು ಕರದಂಟು ಕೊಂಡೆ. ದಾರಿಯುದ್ದಕ್ಕೂ ಏನು ಮಾತಾಡಬೇಕು ಎಂದು ಪಾಠದ ಟಿಪ್ಪಣಿಯ ಹಾಗೆ ಜೋಡಿಸಿಕೊಂಡೆ. ಪೀಠಿಕೆ, ವಿಷಯ, ಉಪಸಂಹಾರ, ಎಲ್ಲಾ ಸಿದ್ಧವಿತ್ತು.

ಮನೆಯಲ್ಲಿ ಅತ್ತೆ ಕಾಲಿಗೆ ನೀರು ಕೊಟ್ಟು, “ಬರ್ರಿ, ಆಕೀ ಕೆರಿಗೆ ಅರಿವಿ ಒಗಿಯಾಕ ಹೋಗ್ಯಾಳ” ಎಂದರು. ತಡವಾಗಿ ಬಂದಿರಲ್ಲ ಎಂದು ಒಂದು ಮಾತು ಆಡಲಿಲ್ಲ. ಆಡಿದ್ದರೇ ಚೆನ್ನಾಗಿತ್ತು.

ಕೆರೆಯ ಮೆಟ್ಟಿಲಿನ ಮೇಲೆ ಸಂಗವ್ವ ಒಬ್ಬಳೇ ಇದ್ದಳು. ನನ್ನನ್ನು ನೋಡಿದಳು, ಏಳಲಿಲ್ಲ. ಒಗೆದ ಇಳಕಲ್ ಸೀರೆಯ ಒಂದು ತುದಿಯನ್ನು ನನ್ನ ಕಡೆಗೆ ಚಾಚಿದಳು. ಒದ್ದೆಯಾದ ಆ ಸೀರೆ ಹಿಂಡಲು ಇಬ್ಬರು ಬೇಕು. ನಾನು ಹಿಡಿದೆ. ಅವಳು ಅತ್ತ ತಿರುವಿದಳು, ನಾನು ಇತ್ತ ತಿರುವಿದೆ. ನೀರು ಮೆಟ್ಟಿಲ ಮೇಲೆ ಸುರಿಯಿತು. ನನ್ನ ಪೀಠಿಕೆಯೂ ಅದರೊಂದಿಗೆ ಹರಿದುಹೋಯಿತು.

“ನನ್ನ ಲೆಕ್ಕ ತಪ್ಪಿತ್ತು” ಎಂದೆ.

“ನಿಮ್ಮ ಲೆಕ್ಕ ಎಂದಾದ್ರೂ ತಪ್ಪೇತೇನ್ರಿ?”

ಅ + ಸ ವಿಷಯ ಹೇಳಿದೆ. ನನಗೆ ಹತ್ತು ಹಾಕಿಕೊಂಡದ್ದು, ಆಮೇಲೆ ಎಂಟು, ಈಗ ಮೈನಸ್ ಐದು, ಎಲ್ಲಾ. ಧ್ವಜಕಟ್ಟೆಯ ಮೇಲೆ ಕೂತದ್ದನ್ನು ಹೇಳುವಾಗ ಅವಳ ತುಟಿಯ ತುದಿ ಸ್ವಲ್ಪ ಅಲುಗಿತು. ಆದರೆ ನಗಲಿಲ್ಲ.

“ಮತ್ತ ನನಗೆಷ್ಟು ಹಾಕಿದ್ರಿ?”

“ಮೈನಸ್ ಮೂರು.”

“ಯಾರನ್ನ ಕೇಳಿ ಹಾಕಿದ್ರಿ?”

ಸೀರೆಯ ತುದಿ ನನ್ನ ಕೈಯಲ್ಲೇ ಇತ್ತು.

“ಮೂರಲ್ರಿ. ಮೂವತ್ತಿತ್ತು ನಂದು. ಆವತ್ತ ತುಪ್ಪ ಬಡಸೂವಾಗ ಗಿಂಡಿ ನಿಮ್ಮ ತಲಿ ಮ್ಯಾಲ ಸುರವಬೇಕು ಅನಿಸಿತ್ತು. ಆರು ವರ್ಷ ಆತು ನಮ್ಮ ಮದಿವಿಯಾಗಿ. ಸೊನ್ನಿ ಬಂತು ಅಂತ ಎಲ್ಲರ ಮುಂದೂ ಹೇಳ್ತೀರಿ. ಯಾಕ ಬಂತು ಅಂತ ಒಂದ ಸಲರೆ ಕೇಳೀರೇನು?”

ಅಷ್ಟರಲ್ಲಿ ಮೇಲಿನಿಂದ ಅಮಾತೆಪ್ಪ ಎರಡೆರಡು ಮೆಟ್ಟಿಲು ಹಾರುತ್ತ ಇಳಿದು ಬಂದ. “ಅಕ್ಕಾ, ಮಾಮಾರನ್ನ ಕರಕೊಂಡು ಊಟಕ್ಕ ಬರಬೇಕಂತ, ಅವ್ವ ಹೇಳ್ಯಾಳ.”

ಸಂಗವ್ವ ಗದ್ದದಿಂದ ಅವನನ್ನು ತೋರಿಸಿದಳು.

“ನೋಡ್ರಿ, ಬಂತು. ಅದ ನನ್ನ ಸೊನ್ನಿ.”

ನನಗೆ ಅರ್ಥವಾಗಲಿಲ್ಲ. ಅವಳು ತಮ್ಮನ ಹೆಗಲಿಗೆ ಹಿಂಡಿದ ಸೀರೆ ಹಾಕುತ್ತ ಹೇಳಿದಳು. “ಗಣಿತದ ಪೇಪರ್ ಬರಿಯಾಕ ಕುಂತಿದ್ದೆ. ಇನ್ನೂ ಹೆಸರು ಬರದಿದ್ದೆ, ಅಷ್ಟ. ನಮ್ಮಜ್ಜಿ ಕಿಟಕ್ಯಾಗ ಬಂದು ನಿಂತ್ಲು. ಅವ್ವಗ ಬ್ಯಾನಿ ಸುರುವಾಗ್ಯಾವ, ಅಪ್ಪ ಊರಾಗಿಲ್ಲ, ಅಜ್ಜಿಗೆ ಕಣ್ಣು ಕಾಣೂದಿಲ್ಲ. ಪೇಪರ್ ಅಲ್ಲೇ ಇಟ್ಟು ಸೂಲಗಿತ್ತೀನ ಕರಿಯಾಕ ಓಡಿದೆ. ಪರೀಕ್ಷಾ ಮುಗಿಯೂ ಗಂಟಿ ಹೊಡಿಯೂ ಹೊತ್ತಿಗೆ ಇಂವ ಹುಟ್ಟಿದ. ಮರುವರ್ಷ ಬರಿ ಅಂದ್ರು. ಮರುವರ್ಷ ಇವನ್ನ ಆಡಸಾವ್ರು ಯಾರು?”

ಅಮಾತೆಪ್ಪನಿಗೆ ಇದು ಗೊತ್ತಿದ್ದ ಕಥೆ. “ಅಕ್ಕಾ, ಅದನ್ನ ಎಲ್ಲಾರ ಮುಂದ ಹೇಳಬ್ಯಾಡ” ಎಂದು ನಾಚಿಕೊಂಡ. ಅವನ ಚಿಗುರುಮೀಸೆ ನೋಡುತ್ತ ನಿಂತೆ. ಆ ಸೊನ್ನೆಯನ್ನು ನಾನು ಎಷ್ಟು ಮಂದಿಯ ಮುಂದೆ ನಗೆಗೆ ಇಟ್ಟಿದ್ದೆನೋ ಲೆಕ್ಕವಿಲ್ಲ. ಬಹಳ ನಾಚಿಕೆಯಾಯಿತು. ಕೆರೆಯ ನೀರಿನ ಕಡೆ ಮುಖ ಮಾಡಿ ನಿಂತುಕೊಂಡೆ, ಏಕೆಂದರೆ ಕಣ್ಣು ನನ್ನ ಮಾತು ಕೇಳುತ್ತಿರಲಿಲ್ಲ.

ಊಟವಾದ ಮೇಲೆ, “ನಡಿ ಹೋಗೂಣು. ಕರಿಯಾಕ ಬಂದೇನಿ” ಎಂದೆ.

“ಕರದ್ರಿ, ಭಾಳ ಚಲೋ ಆತು. ಆದ್ರ ಇವತ್ತ ಬರೂದಿಲ್ಲ. ಯಾರ ಮುಂದ ನಕ್ಕೀರಿ ಅವರನ್ನ ಮತ್ತ ಊಟಕ್ಕ ಕರೀರಿ. ಬರೂ ರವಿವಾರ ಹತ್ತೂವರಿ ಬಸ್ಸಿಗೆ ನಾ ಬರ್ತೇನಿ. ನೀವು ಏನ ಹೇಳ್ತೀರಿ ಹೇಳ್ರಿ. ಹೇಳೂದು ಆಗೂದಿಲ್ಲಂದ್ರ ಇಲ್ಲೇ ಒಂದು ಚೀಟಿ ಹಾಕ್ರಿ, ನಾ ಬರೂದಿಲ್ಲ.”

ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇತ್ತು. ಯಾರೋ ಕೂರಲು ಬಂದರೆ, ಮಂದಿ ಇದ್ದಾರೆ ಎಂದುಬಿಟ್ಟೆ. ಕೆರೆಗೆ ನೀರು ಎಷ್ಟು ಬಂದಿದೆ ನೋಡಲಿಲ್ಲ.

೩೦ ಆಗಸ್ಟ್, ಬುಧವಾರ

ಹೆಡ್ ಮಾಸ್ತರರನ್ನು ಕರೆದೆ. ಒಪ್ಪಿದರು. ನಾನು ಹೇಳಲಿಕ್ಕೆ ಹಿಂಜರಿಯುವ ಗಂಡಸಲ್ಲ. ನಲವತ್ತು ಮಕ್ಕಳ ಮುಂದೆ ದಿನಾ ಮಾತಾಡುವವನಿಗೆ ಇಬ್ಬರೇನು ಹೆಚ್ಚು? ಆದರೂ ಮೂರು ದಿನದಿಂದ ರೊಟ್ಟಿ ಗಂಟಲಲ್ಲಿ ಇಳಿಯುತ್ತಿಲ್ಲ.

ಚೀಟಿ ಹಾಕಿಲ್ಲ. ಇಂದು ಲೆಕ್ಕವನ್ನೂ ಮಾಡಿಲ್ಲ. ಸ ಎಷ್ಟು ಎಂದು ಅವಳೇ ಹೇಳಬೇಕು.

೩ ಸೆಪ್ಟೆಂಬರ್, ರವಿವಾರ

ಚಂದವ್ವ ಬೆಳಿಗ್ಗೆಯೇ ಬಂದು ಹೋಳಿಗೆಗೆ ಕೂತಳು. ಏನು, ಯಾಕೆ ಎಂದು ಕೇಳಲಿಲ್ಲ. “ಬ್ಯಾಳಿ ರುಬ್ರಿ ಮಾಸ್ತರ” ಎಂದಷ್ಟೇ ಹೇಳಿದಳು. ರುಬ್ಬಿದೆ.

ಹತ್ತೂವರೆಯ ಬಸ್ಸಿಗೆ ಸಂಗವ್ವ ಬರಬೇಕಿತ್ತು. ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ಬಸ್ ಬಂತು, ಕುಷ್ಟಗಿಗೆ ಹೋಗುವವರು ಇಳಿದರು, ಗುಳೇದಗುಡ್ಡದ ಖಣದ ಗಂಟು ಇಳಿಯಿತು, ಅವಳು ಇಳಿಯಲಿಲ್ಲ. ಮುಂದಿನ ಬಸ್ಸಿಗೂ ಕಾದೆ. ಅದರಲ್ಲೂ ಇಲ್ಲ. ಮನೆಗೆ ಬರುವಷ್ಟರಲ್ಲಿ ಹೆಡ್ ಮಾಸ್ತರರೂ ಬಾಯಾರೂ ಬಂದು ಕಟ್ಟೆಯ ಮೇಲೆ ಕೂತಿದ್ದರು.

ಬರುವುದಿಲ್ಲ ಎಂದು ಮನಸ್ಸಿನಲ್ಲಿ ಗಟ್ಟಿಯಾಯಿತು. ಇನ್ನು ಹೇಳಿ ಏನು ಉಪಯೋಗ, ಕೇಳಬೇಕಾದವಳೇ ಇಲ್ಲವಲ್ಲ ಎಂದುಕೊಂಡೆ. ಎಲೆ ಹಾಕಿ ನಾನೇ ಬಡಿಸಿದೆ. ಹೆಡ್ ಮಾಸ್ತರರು ಒಳ್ಳೆಯ ಮನುಷ್ಯರು, ಗುಂಗು ಬಿಡಿಸಲೆಂದು, “ಏನ್ರಿ ಅಂದಾನಪ್ಪ, ಸಂಗವ್ವಗ ಮೂರು ಡಜನ್ ಎಷ್ಟು ಅಂತ ಇನ್ನೂ ಲೆಕ್ಕ ಹತ್ತಿಲ್ಲೇನು, ಬರಾಕ?” ಎಂದು ನಕ್ಕರು.

ನನ್ನ ಕೈಯಲ್ಲಿ ತುಪ್ಪದ ಗಿಂಡಿ ಇತ್ತು. ಅದೇ ಗಿಂಡಿ.

“ಸರ, ಆ ಸೊನ್ನಿ ಆಕೀದಲ್ಲ” ಎಂದೆ. “ಅದು ಹ್ಯಾಂಗ ಬಂತು ಅಂತ ನಾ ಆರು ವರ್ಷ ಕೇಳಲಿಲ್ಲ. ಈಗ ಕೇಳೇನಿ. ಹೇಳ್ತೇನಿ, ಕೇಳ್ರಿ.” ನಿಂತುಕೊಂಡೇ ಎಲ್ಲಾ ಹೇಳಿದೆ. ಖಾಲಿ ಪೇಪರು, ಕಿಟಕಿಯ ಅಜ್ಜಿ, ಓಡಿದ ಹುಡುಗಿ. “ತಪ್ಪು ನಂದು. ಆಕೀನ ನಿಮ್ಮ ಮುಂದ ಸಣ್ಣಾಕಿ ಮಾಡಿದೆ. ಅದಕ್ಕ ಆಕೀ ಬಂದಿಲ್ಲ. ಬರದಿದ್ರೂ ಸರಿ ಐತಿ.” ಅಲ್ಲಿಗೇ ನಿಲ್ಲಿಸಿದೆ. ಹೆಡ್ ಮಾಸ್ತರರು ಎಲೆಯ ಕಡೆ ನೋಡುತ್ತ ಕೂತರು. ಬಾಯಾರು ಸೆರಗಿನಿಂದ ಕಣ್ಣು ಒತ್ತಿಕೊಂಡರು. ಒಲೆಯ ಹತ್ತಿರ ಚಂದವ್ವ ಹೋಳಿಗೆ ತಿರುವುವುದನ್ನು ಮರೆತಿದ್ದಳು, ವಾಸನೆ ಬಂತು.

ಎಲ್ಲರೂ ಕೈತೊಳೆಯುವ ಹೊತ್ತಿಗೆ ಬಾಗಿಲಲ್ಲಿ ಟ್ರಂಕು ಇಟ್ಟ ಸದ್ದಾಯಿತು. ಅಮಾತೆಪ್ಪ. ಅವನ ಹಿಂದೆ ಸಂಗವ್ವ, ಮುಖವೆಲ್ಲ ಧೂಳು.

“ಅಮೀನಗಡದಾಗ ಬಸ್ ಪಂಕ್ಚರ್ ಆತು” ಅಂದಳು. ಕಾಲು ತೊಳೆದು, ಸೆರಗು ಸಿಕ್ಕಿಸಿ, ಸೀದಾ ತಮ್ಮನಿಗೆ ಬಡಿಸಲಿಕ್ಕೆ ಹೊರಟಳು. ಬಾಯಾರು ಮುಂದೆ ಬಂದು ಅವಳ ಕೈಯಿಂದ ಸೌಟು ಇಸಿದುಕೊಂಡರು.

“ನೀ ಕೂಡ್ರವ್ವ. ಇವತ್ತ ನಾ ಬಡಸ್ತೇನಿ.”

ಹೆಡ್ ಮಾಸ್ತರರು ಅಮಾತೆಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಅವನ ಎಲೆಗೆ ಎರಡು ಹೋಳಿಗೆ ಹಾಕಿಸಿದರು. “ತಿನ್ನಪಾ, ನೀ ಭಾಳ ತುಟ್ಟಿ ಮನಶ್ಯಾ” ಎಂದರು. ಅವನು ಕಕ್ಕಾಬಿಕ್ಕಿಯಾಗಿ ಅಕ್ಕನ ಮುಖ ನೋಡಿದ. ಅಕ್ಕ ಬಾಯಾರ ಕೆಂಪಾದ ಕಣ್ಣು ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಬಹಳ ಹೊತ್ತು. ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡು, “ಸೀದು ಹೋಗ್ಯಾವ” ಅಂದಳು.

ಎಲ್ಲರೂ ಹೋದ ಮೇಲೆ, ಇಳಿಬಿಸಿಲಿನಲ್ಲಿ ಕಟ್ಟೆಯ ಮೇಲೆ ಕೂತು ಈ ಪುಸ್ತಕ ತೆರೆದೆ. ಸಂಗವ್ವ ಅಂಗಳದಲ್ಲಿ ನನ್ನ ಸುಣ್ಣದ ಧೋತರಕ್ಕೆ ಹುಣಸೆಹುಳಿ ತಿಕ್ಕುತ್ತಿದ್ದಳು.

“ಸಂಗವ್ವ, ಇವತ್ತ ನಿಂದು ಎಷ್ಟು?”

ತಿಕ್ಕುವುದನ್ನು ನಿಲ್ಲಿಸಿ ಯೋಚಿಸಿದಳು. ಖರೆಯಾಗಿ ಯೋಚಿಸಿದಳು.

“ಮೈನಸ್ ಒಂದು.”

“ಇನ್ನೂ ಮೈನಸ್ ಐತೇನು?”

“ಐತ್ರಿ. ಒಂದು ಉಳದೈತಿ. ಹೋಗೂ ಮುಂದ ಹೋಗ್ತೈತಿ. ನಿಮ್ದು?”

ಹತ್ತು ಎಂದು ಬರೆಯಬಹುದಿತ್ತು. ಇಂದು ಚೆನ್ನಾಗಿ ಮಾತಾಡಿದ್ದೇನೆ. ಆದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತದ್ದು ಇನ್ನೂ ಮೈಯಲ್ಲಿ ಇದೆ.

“ನಂದೂ ಅಷ್ಟ” ಎಂದೆ.

“ಹಂಗಾದ್ರ ಕೂಡಸ್ರಿ” ಎಂದು ಅವಳು ಮತ್ತೆ ಧೋತರ ತಿಕ್ಕತೊಡಗಿದಳು.

ಅ = −೧. ಸ = −೧, ಅವಳನ್ನೇ ಕೇಳಿ ಬರೆದದ್ದು.
(−೧) + (−೧) = −೨.

ಉತ್ತರ ಸರಿಯಿದೆ.